ಹದಿನೆಂಟು ಹಾಡು ನುಂಗಿದ ಡಬ್ಬಿ

ಮದುವೆಯಾಗಿ ಪುಣೆಗೆ ಬಂದ ಮೊದಲ ವರ್ಷ ನಾನೂ ನನ್ನ ಮಾವನೂ ಆಡಿದ ಮಾತನ್ನೆಲ್ಲ ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆದು ಮುಗಿಸಬಹುದಿತ್ತು. "ಚಹಾ ಆತೇನವಾ?" "ಆಯ್ತು ಮಾವ." "ಪೇಪರ್ ಬಂತೇನು?" "ಬಂತು ಮಾವ." ಜಗಳವೇನೂ ಇರಲಿಲ್ಲ. ಅವರು ಜಮಖಂಡಿ ಕಡೆಯವರು. ಮೂವತ್ತು ವರ್ಷ ಭೋಸರಿಯ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಅಚ್ಚುಗಳನ್ನು ಕೊರೆದು ನಿವೃತ್ತರಾದವರು. ಮಷೀನುಗಳ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲವೆಂದು ಆಡುವುದನ್ನೇ ಕಡಿಮೆ ಮಾಡಿಕೊಂಡಿದ್ದರು. ನಾನು ಮೈಸೂರಿನವಳು. ನನ್ನ ಕನ್ನಡ ಅವರಿಗೆ ರೇಡಿಯೋ ವಾರ್ತೆಯಂತೆ ಕೇಳುತ್ತಿತ್ತು. ಅವರ ಕನ್ನಡ ನನಗೆ ಅರ್ಧ ತಿಳಿದರೆ ಹೆಚ್ಚು.

ಬಂದ ಹೊಸದರಲ್ಲಿ ಅತ್ತೆ ನಾಲ್ಕು ಹರಕು ಕೈಚೀಲ ಕೊಟ್ಟು, "ಇವನ್ನ ಒಗದು ಬಾರವಾ" ಅಂದಿದ್ದರು. ನಾನು ಸೋಪು ಹಚ್ಚಿ ಉಜ್ಜಿ, ಹಿಂಡಿ, ತಾರಸಿಯ ಮೇಲೆ ಹರವಿ ಬಂದೆ. ಅವರ ಕಡೆ ಒಗೆಯುವುದೆಂದರೆ ಎಸೆಯುವುದೂ ಹೌದೆಂದು ಆಮೇಲೆ ತಿಳಿಯಿತು. ಸಂಜೆ ಆ ಚೀಲಗಳು ತಂತಿಯ ಮೇಲೆ ಗಾಳಿಗೆ ಆಡುವುದನ್ನು ನೋಡಿ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವ ಮಾತ್ರ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿದ್ದರು. ಪೇಪರು ಅಲುಗುತ್ತಿತ್ತು.

ನಮ್ಮಿಬ್ಬರ ನಡುವೆ ಮಾತು ಶುರುವಾದದ್ದು ಕೆಟ್ಟುಹೋದ ಒಂದು ಮ್ಯೂಸಿಕ್ ಪ್ಲೇಯರಿನಿಂದ.

ಅದು ನನ್ನದೇ. ಮದುವೆಗೆ ಮೊದಲೇ ಕೊಂಡದ್ದು, ಅಂಗೈಯಗಲದ್ದು. ಒಳಗೆ ಪುಟ್ಟ ಹಾರ್ಡ್ ಡಿಸ್ಕು, ಮೇಲೆ ಬೆರಳಾಡಿಸಲು ಒಂದು ದುಂಡನೆ ಚಕ್ರ. ಕೋಥರೂಡದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಿಂದ ವಿಮಾನ ನಗರದ ಕಚೇರಿಗೆ ಎರಡು ಬಸ್ಸು ಬದಲಿಸಿ ಹೋಗುವಾಗ ಅದೇ ನನ್ನ ಜೊತೆಗಾರ. ಒಮ್ಮೆ ಅತ್ತೆಯ ಕಿವಿಗೆ ಅದರ ಇಯರ್‌ಫೋನ್ ಸಿಕ್ಕಿಸಿದೆ. ಅವರು ಲಟ್ಟಣಿಗೆಯನ್ನು ಅಲ್ಲೇ ಬಿಟ್ಟು ಕಣ್ಣು ಮುಚ್ಚಿಕೊಂಡು ನಿಂತರು. ಅವತ್ತಿನಿಂದ ಅದು ಅವರದಾಯಿತು. ಹೆಸರೂ ಅವರೇ ಇಟ್ಟರು: ಹಾಡಿನ ಡಬ್ಬಿ. ದಿನಾ ಸಂಜೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಾರಸಿಯ ಮೇಲೆ ನಡೆಯುತ್ತ, ಕೇಳಿದ ಸಾಲನ್ನು ದನಿಗೂಡಿಸಿ ಕಲಿಯುತ್ತಿದ್ದರು.

ಅದರಲ್ಲಿ ಬೇರೆಲ್ಲೂ ಸಿಗದ ಹದಿನೆಂಟು ಹಾಡುಗಳಿದ್ದವು. ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬರು ಅಜ್ಜಿ ಇದ್ದರು, ಅತ್ತೆಯ ಊರಿನ ಕಡೆಯವರೇ. ಮದುವೆಯ ಒಂದೊಂದು ಶಾಸ್ತ್ರಕ್ಕೂ ಅವರ ಬಳಿ ಒಂದೊಂದು ಹಾಡಿತ್ತು: ಅರಿಶಿನ ಹಚ್ಚುವಾಗ, ಮದುಮಕ್ಕಳ ಸುತ್ತ ಸುರಗಿಯ ದಾರ ಸುತ್ತುವಾಗ, ಬೀಗರನ್ನು ಕೆಣಕುವಾಗ. ನನ್ನ ಪ್ಲೇಯರಿಗೆ ಸಿಕ್ಕಿಸುವ ಪುಟ್ಟ ಮೈಕು ಒಂದಿತ್ತು. ನಾಲ್ಕು ಭಾನುವಾರ ನಾನೂ ಅತ್ತೆಯೂ ಅಜ್ಜಿಯ ಮನೆಯಲ್ಲಿ ಫ್ಯಾನು ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತ, ಹದಿನೆಂಟನ್ನೂ ಹಿಡಿದಿಟ್ಟೆವು. ನಡುನಡುವೆ ಕುಕ್ಕರಿನ ಸೀಟಿ, ಪಕ್ಕದ ಮನೆಯ ನಾಯಿ, "ನೀರ ಬಂತೇನ ನೋಡ್ರೆ" ಎಂಬ ಅಜ್ಜಿಯ ವಿಚಾರಣೆ, ಎಲ್ಲ ಅದರೊಳಗೆ ಸೇರಿದವು.

ಸ್ವಲ್ಪ ದಿನಕ್ಕೆ ಅಜ್ಜಿ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡರು. ಹಾಡಲು ಹೋದರೆ 'ಸ' ಬಂದಲ್ಲೆಲ್ಲ ಸಿಳ್ಳೆ ಹೊರಡುತ್ತಿತ್ತು. "ಸೊಸಿ, ಸೋಬಾನ, ಸುರಗಿ. ಎಲ್ಲಾ ಸೀಟೀನ. ನಾ ಏನ ಪೊಲೀಸ ಆಗಲ್ಯಾ?" ಎಂದು ಹಾಡುವುದನ್ನೇ ಬಿಟ್ಟರು. ಸೆಟ್ಟು ತೆಗೆದು ಹಾಡಿ ಎಂದರೆ ಅದಕ್ಕೂ ಒಪ್ಪಲಿಲ್ಲ. ಬೊಚ್ಚುಬಾಯಿ ತೋರಿಸುವ ವಯಸ್ಸು ತನಗಿನ್ನೂ ಆಗಿಲ್ಲ ಅಂದರು.

ಅಷ್ಟರಲ್ಲಿ ಅತ್ತೆಯ ತಮ್ಮನ ಮಗಳ ಮದುವೆ ಗೊತ್ತಾಯಿತು, ಪುಣೆಯಲ್ಲೇ. ಹಾಡುಗಳ ಜವಾಬ್ದಾರಿ ತನ್ನದೆಂದು ಅತ್ತೆ ಎಲ್ಲರೆದುರು ಮಾತು ಕೊಟ್ಟು ಬಂದರು. ಅದೇ ವಾರ ಡಬ್ಬಿ ಕೆಟ್ಟಿತು.

ಪೂರ್ತಿ ಕೆಡಲಿಲ್ಲ. ಒಂದು ಹಾಡು ಹಾಡಿ ನಿಲ್ಲುವುದು, ಒಳಗೆ ಟಿಕ್ ಟಿಕ್ ಎನ್ನುವುದು, ಮತ್ತೆ ತಾನೇ ಮೊದಲಿನಿಂದ ಶುರುವಾಗುವುದು. ನಾನು ಕಂಪ್ಯೂಟರಿಗೆ ಜೋಡಿಸಿದೆ. ನಮ್ಮ ಹಳೆಯ ಕಂಪ್ಯೂಟರನ್ನು ನನ್ನ ಗಂಡ, ಒಳಗಿನದನ್ನೆಲ್ಲ ಅಳಿಸಿ, ಗೆಳೆಯರೊಬ್ಬರಿಗೆ ಕೊಟ್ಟುಬಿಟ್ಟಿದ್ದರು. ಹೊಸ ಕಂಪ್ಯೂಟರು ಡಬ್ಬಿಯ ಗುರುತನ್ನೇ ಹಿಡಿಯಲಿಲ್ಲ. ಇದು ಬೇರೆ ಕಂಪ್ಯೂಟರಿನದು, ಇದರಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ತುಂಬಲೇ ಎಂದು ಕೇಳಿತು. ಬೇಡ ಅಂದೆ. ಹಾಗಾದರೆ ರಿಸ್ಟೋರ್ ಮಾಡು ಅಂದಿತು. ಅದರರ್ಥವೂ ಅಳಿಸುವುದೇ.

"ಹೊಸಾದ ತರೂಣು, ಇದನ್ನ ಒಗದುಬಿಡ್ರಿ" ಎಂದು ನನ್ನ ಗಂಡ ಶೂ ಹಾಕಿಕೊಳ್ಳುತ್ತ ಹೇಳಿ ಹೋದರು. ಹೊಸದರಲ್ಲಿ ಅಜ್ಜಿ ಇರುವುದಿಲ್ಲವಲ್ಲ. ಅಡುಗೆಮನೆಯಲ್ಲಿ ಅತ್ತೆ ಹಿಟ್ಟು ನಾದುವ ಸದ್ದು ಮಾತ್ರ ಜೋರಾಯಿತು.

ಅದು ಶನಿವಾರ, ನನಗೆ ರಜೆ. ಕಂಪ್ಯೂಟರಿನ ಮುಂದೆ ತಲೆ ಹಿಡಿದು ಕೂತಿದ್ದೆ. ಹಿಂದಿನಿಂದ ಮಾವನ ದನಿ ಕೇಳಿತು.

"ನೀ ಮಷೀನಿನ ಪುಸ್ತಕ ಬರೀತಿಯಲ್ಲಾ?"

ನಿಜ. ಪಂಪು, ಕಂಪ್ರೆಸರುಗಳ ಕೈಪಿಡಿ ಬರೆಯುವುದೇ ನನ್ನ ಕಚೇರಿಯ ಕೆಲಸ. ಯಂತ್ರ ಚಾಲೂ ಆಗದಿದ್ದರೆ ಮೊದಲು ಇದನ್ನು ನೋಡಿ, ಆಮೇಲೆ ಅದನ್ನು ನೋಡಿ ಎಂದು ಪಟ್ಟಿ ಮಾಡುವುದು.

"ಹೌದು ಮಾವ."

"ಬರದದ್ದನ್ನ ಎಂದರ ಕೈಲೆ ಮಾಡಿ ನೋಡೀಯೇನು?"

ನಾನು ಇಲ್ಲ ಎಂದು ತಲೆಯಾಡಿಸಿದೆ. ಮದುವೆಗೆ ಮೊದಲಿನದೂ ಸೇರಿ ನಾಲ್ಕು ವರ್ಷದ ಈ ಕೆಲಸದಲ್ಲಿ ಒಂದು ನಟ್ಟನ್ನೂ ತಿರುಗಿಸಿರಲಿಲ್ಲ.

ಮಾವ ಕುರ್ಚಿ ಎಳೆದುಕೊಂಡು ಕೂತರು. ಕಂಪ್ಯೂಟರನ್ನು ಅವರು ಅದುವರೆಗೆ ಮುಟ್ಟಿರಲಿಲ್ಲ, ಅವತ್ತೂ ಮುಟ್ಟಲಿಲ್ಲ. ಒಂದು ಹಳೆಯ ಡೈರಿ ತಂದು, ಪುಟದ ನಡುವೆ ಉದ್ದಕ್ಕೆ ಗೆರೆ ಎಳೆದರು. ಎಡಗಡೆ ಏನು ಬದಲು ಮಾಡಿದೆವು, ಬಲಗಡೆ ಏನಾಯಿತು.

"ಒಂದು ಮಾತ ನೆನಪಿಡು. ಒಮ್ಮೆಗೆ ಒಂದ ಬದಲ ಮಾಡೂದು. ಎರಡು ಕೂಡೆ ಬದಲ ಮಾಡಿದರ ಯಾವುದರಿಂದ ನೆಟ್ಟಗಾತು ಅಂತ ತಿಳಿಯೂದಿಲ್ಲ. ಈಗ ಹೇಳು, ಏನನ್ನಾಕತ್ತೇದ ಅದು?"

ನಾನು ಎಲ್ಲವನ್ನೂ ಹೇಳಿದೆ. ಅಳಿಸುವ ಮಾತು ಬಂದಾಗ ಅವರು ಕೈಯೆತ್ತಿ ತಡೆದರು. "ಅದು ಕಟ್ಟಕಡೀಕ. ಮೊದಲ ಒಳಗಿಂದು ಹೊರಗ ತಗೀಬೇಕು. ದಾರಿ ಅದ ಏನು?"

ದಾರಿ ಇತ್ತು. ಅಡಗಿಸಿಟ್ಟ ಫೋಲ್ಡರುಗಳನ್ನು ಕಾಣುವಂತೆ ಮಾಡಿದರೆ ಹಾಡುಗಳು ಒಳಗೇ ಇದ್ದವು. ಆದರೆ ಯಾವುದಕ್ಕೂ ಹೆಸರಿಲ್ಲ. ಪ್ರತಿಯೊಂದಕ್ಕೂ ನಾಲ್ಕು ಇಂಗ್ಲಿಷ್ ಅಕ್ಷರ, ಅರ್ಥವಿಲ್ಲದ್ದು. ನೂರಾರು ಹಾಡುಗಳ ನಡುವೆ ಅಜ್ಜಿಯ ಹದಿನೆಂಟು ಎಲ್ಲಿವೆಯೋ ತಿಳಿಯುವಂತಿರಲಿಲ್ಲ. ಎಲ್ಲವನ್ನೂ ಒಟ್ಟಿಗೆ ಎಳೆದುಕೊಳ್ಳಲು ನೋಡಿದೆ. ಸ್ವಲ್ಪ ನಡೆಯಿತು, ಟಿಕ್ ಟಿಕ್ ಅಂದಿತು, ಡಬ್ಬಿ ಕಂಪ್ಯೂಟರಿನಿಂದ ಮಾಯವಾಯಿತು.

ಮಾವ ಡಬ್ಬಿಯನ್ನು ಕೈಯಲ್ಲಿ ಹಿಡಿದು, ಆಮೇಲೆ ಕೆನ್ನೆಗೆ ಒತ್ತಿಕೊಂಡರು. ಜ್ವರ ನೋಡುವವರಂತೆ.

"ಕಾಯ್ದದ. ಒಮ್ಮೆಲೆ ಭಾಳ ಹೇರಬ್ಯಾಡ. ಐದೈದು ತಗಿ, ಆರಲಿ, ಮತ್ತ ಐದು ತಗಿ."

ಹಾಗೆ ನಮ್ಮ ಕೆಲಸ ನಡೆಯಿತು. ನಾನು ಐದು ಹಾಡು ಎಳೆದುಕೊಳ್ಳುವುದು. ಮಾವ ಡಬ್ಬಿಯನ್ನು ಟೇಬಲ್ ಫ್ಯಾನಿನ ಮುಂದೆ ಹಿಡಿದು ಆರಿಸುವುದು. ಅತ್ತೆ ಬಂದ ಹಾಡನ್ನು ಕೇಳಿ ಹೆಸರು ಹೇಳುವುದು. ಅಜ್ಜಿಯದಾದರೆ ಅವರಿಗೆ ದನಿ ಬೇಕಿರಲಿಲ್ಲ, ಕುಕ್ಕರಿನ ಸೀಟಿಗೇ ಗುರುತು ಹಿಡಿಯುತ್ತಿದ್ದರು. "ತಡೀರಿ, ಇದು ನಾಯಿ ಬೊಗಳೂ ಹಾಡು. ಅರಿಷಿಣದ್ದು. ಬರಕೊಳ್ರಿ." ಮಾವ ಡೈರಿಯಲ್ಲಿ ಬರೆದರು: ನಾಯಿ ಹಾಡು, ಬಂತು.

ಕಾಯುವ ಹೊತ್ತಿನಲ್ಲಿ ಮಾತು ತಾನೇ ಬಂತು. ಭೋಸರಿಗೆ ಮೊದಲು ಬಂದಾಗ ಮರಾಠಿ ಬಾರದೆ ಮಾವ ಎರಡು ತಿಂಗಳು ಕ್ಯಾಂಟೀನಿನಲ್ಲಿ ಬೆರಳು ತೋರಿಸಿಯೇ ಉಂಡಿದ್ದರಂತೆ. ನಾನು ಮೈಸೂರಿನಲ್ಲಿ ಸೈಕಲ್ ಕಲಿಯುವಾಗ ನಮ್ಮ ಶಾಲೆಯ ಹೆಡ್‌ಮೇಷ್ಟರಿಗೇ ಗುದ್ದಿದ್ದನ್ನು ಹೇಳಿದೆ. ಅದನ್ನು ನನ್ನ ಗಂಡನಿಗೂ ಹೇಳಿರಲಿಲ್ಲ. ಆ ಶನಿವಾರ, ಭಾನುವಾರ, ಅದರ ಮುಂದಿನ ಶನಿವಾರವೂ ಇದರಲ್ಲೇ ಕಳೆಯಿತು. ಕೊನೆಗೆ ಡೈರಿಯಲ್ಲಿ ಹದಿನೇಳು ಹಾಡುಗಳು ಸೇರಿದವು. ಬೀಗರನ್ನು ಕೆಣಕುವ ಹಾಡು ಮಾತ್ರ ಸಿಕ್ಕಿರಲಿಲ್ಲ; ಡಬ್ಬಿಯಲ್ಲಿ ಉಳಿದದ್ದೂ ಒಂದೇ ಹಾಡು, ಅದು ಬರುತ್ತಿತ್ತು. ಮಾವ ಹಾಲು ತರಲು ಕೆಳಗೆ ಹೋಗಿದ್ದರು.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಬೇಕು. ಕಂಪ್ಯೂಟರಿನಲ್ಲಿ ಹದಿನೆಂಟನೆಯದರ ನಾಲ್ಕು ಅಕ್ಷರ ಕಾಣಿಸಿತು. ಅದನ್ನು ಕೇಳಿ ನೋಡಲಿಲ್ಲ. ಡಬ್ಬಿ ಮತ್ತೆ ಟಿಕ್ ಟಿಕ್ ಅಂದು ಸುಮ್ಮನಾಯಿತು. ಹೇಗೂ ಎಲ್ಲ ಬಂತಲ್ಲ, ಮಾವ ಬರುವಷ್ಟರಲ್ಲಿ ಸರಿ ಮಾಡಿಟ್ಟಿರೋಣ ಎಂಬ ಹುಮ್ಮಸ್ಸಿನಲ್ಲಿ ರಿಸ್ಟೋರ್ ಒತ್ತಿಬಿಟ್ಟೆ. ಒಳಗಿದ್ದದ್ದೆಲ್ಲ ಅಳಿಸಿತು. ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಅರ್ಧಕ್ಕೆ ಬಂದು ನಿಂತಿತು. ಪರದೆಯ ಮೇಲೆ ಏನೋ ಒಂದು ನಂಬರು ತೋರಿಸಿ, ಆಗಲಿಲ್ಲ ಅಂದಿತು.

ಮಾವ ಬಂದು ನೋಡಿ, ಬೈಯಲಿಲ್ಲ. ಡೈರಿಯಲ್ಲಿ ಬರೆದುಕೊಂಡರು. ಆಮೇಲೆ ನಾವು ಒಂದೊಂದನ್ನೇ ಬದಲು ಮಾಡಿದೆವು. ಕಚೇರಿಯ ಗೆಳತಿಯಿಂದ ಬೇರೆ ಕೇಬಲ್ ತಂದೆ. ಕಂಪ್ಯೂಟರಿನ ಮುಂದಿನ ಕಿಂಡಿ ಬಿಟ್ಟು ಹಿಂದಿನದಕ್ಕೆ ಹಚ್ಚಿದೆ. ಡಬ್ಬಿಯ ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿದು ಮತ್ತೆ ಶುರು ಮಾಡಿದೆ. ಡಬ್ಬಿಯನ್ನು ಕಚೇರಿಗೂ ಒಯ್ದು ಅಲ್ಲಿನ ಕಂಪ್ಯೂಟರಿಗೆ ಜೋಡಿಸಿದೆ. ಬಲಗಡೆಯ ಸಾಲಿನಲ್ಲಿ ಮಾವನ ಅಕ್ಷರದಲ್ಲಿ ಮೇಲಿಂದ ಕೆಳಗೆ ಒಂದೇ ಮಾತು: ಫರಕ ಇಲ್ಲ, ಫರಕ ಇಲ್ಲ, ಫರಕ ಇಲ್ಲ.

"ಬರೋಬರಿ ಆತು" ಅಂದರು ಮಾವ, ಸಂತೋಷದಿಂದ.

"ಏನು ಬರೋಬರಿ ಮಾವ? ಒಂದೂ ಸರಿಹೋಗಲಿಲ್ಲವಲ್ಲ."

"ಹೊರಗಿಂದು ಯಾವುದೂ ಅಲ್ಲ ಅಂತ ತಿಳೀತಲ್ಲಾ. ರೋಗ ಒಳಗ ಅದ. ಜೀವ ಹೊರಗ ತಗದೇವಿ, ಇನ್ನ ದೇಹಾ ಬಿಚ್ಚಾಕ ಅಂಜಿಕಿ ಏನು?"

ಬಿಚ್ಚುವುದು ಹೇಗೆಂದು ಕೇಳಲು ಇಬ್ಬರೂ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಬುಧವಾರ ಪೇಠೆಗೆ ಹೋದೆವು. ಮಾವನ ಜೊತೆ ನಾನೊಬ್ಬಳೇ ಹೊರಗೆ ಹೋದದ್ದು ಅದೇ ಮೊದಲು. ಬಸ್ಸಿನಲ್ಲಿ ಅವರು ಕಿಟಕಿಯ ಸೀಟು ನನಗೆ ಕೊಟ್ಟರು. ಅಂಗಡಿಯವನು ಡಬ್ಬಿಯನ್ನು ತಿರುಗಿಸಿ ನೋಡಿ, "ಟಾಕೂನ ದ್ಯಾ ಕಾಕಾ, ನವೀನ ಘ್ಯಾ" ಅಂದ. ಎಸೆದು ಹೊಸದು ಕೊಳ್ಳಿ ಎಂದು.

ಮಾವ ಕೇಳಿದರು, "ಮಾಣಸಾಲಾ ತಾಪ ಆಲಾ ಮ್ಹಣೂನ ಟಾಕೂನ ದೇತೋ ಕಾ?" ಜ್ವರ ಬಂತೆಂದು ಮನುಷ್ಯನನ್ನು ಎಸೆಯುತ್ತೀಯೇನಪ್ಪ ಎಂದು.

ಅಂಗಡಿಯವನು ನಕ್ಕು ಗುಟ್ಟು ಬಿಟ್ಟುಕೊಟ್ಟ. ಇದಕ್ಕೆ ಸ್ಕ್ರೂ ಇಲ್ಲ, ಅಂಚಿನ ಸಂದಿಯಲ್ಲಿ ತೆಳ್ಳಗಿನ ಪ್ಲಾಸ್ಟಿಕ್ ತೂರಿಸಿ ಎಬ್ಬಿಸಬೇಕು. ಕಬ್ಬಿಣ ತಾಗಿಸಿದರೆ ಗಾಯವಾಗುತ್ತದೆ. ಅಂಥ ಪ್ಲಾಸ್ಟಿಕ್ಕು ಅವನಲ್ಲಿ ಮುಗಿದಿತ್ತು. ಮಾವ ಮನೆಗೆ ಬಂದವರೇ ಬಚ್ಚಲಿಗೆ ಹೋಗಿ ತಮ್ಮ ನಾಲಿಗೆ ಕೆರೆಯುವ ಪ್ಲಾಸ್ಟಿಕ್ ಪಟ್ಟಿಯನ್ನು ತಂದರು. ಅರ್ಧಕ್ಕೆ ಕತ್ತರಿಸಿ, ಅರದಿಂದ ಅದರ ತುದಿಯನ್ನು ಅರ್ಧ ತಾಸು ಉಜ್ಜಿ, ಬ್ಲೇಡಿನಷ್ಟು ತೆಳ್ಳಗೆ ಮಾಡಿದರು. ಆ ಅರ್ಧ ತಾಸು ಅವರ ಮುಖವನ್ನು ನೋಡಬೇಕಿತ್ತು. ನಿವೃತ್ತಿಯಾದ ಮೇಲೆ ಮೊದಲ ಸಲ ಅವರು ಕೆಲಸಕ್ಕೆ ಹೋದಂತಿತ್ತು.

ಊಟದ ಮೇಜಿನ ಮೇಲೆ ಬಿಳಿ ಪಂಚೆ ಹಾಸಿದರು, ಏನಾದರೂ ಬಿದ್ದರೆ ಕಾಣಲೆಂದು. ಯಾರೂ ಫ್ಯಾನು ಹಾಕದಂತೆ ಅತ್ತೆಯನ್ನು ಸ್ವಿಚ್ಚಿನ ಹತ್ತಿರ ನಿಲ್ಲಿಸಿದರು. ಅಂಚಿಗೆ ಪಟ್ಟಿ ತೂರಿಸಿ ನನ್ನ ಕೈಗೆ ಕೊಟ್ಟರು.

"ನೀ ಮಾಡು."

"ನಾನಾ?"

"ಪುಸ್ತಕ ಬರಿಯಾಕಿ ನೀ. ಹಗೂರಕ. ಮುಚ್ಚಳ ಒಮ್ಮೆಲೆ ಜಗ್ಗಬ್ಯಾಡ, ಒಳಗ ಏನರ ಜೋಡಿಸಿರತಾರ."

ಟಕ್, ಟಕ್, ಟಕ್ ಎಂದು ಒಂದೊಂದೇ ಕೊಂಡಿ ಬಿಟ್ಟಿತು. ಮುಚ್ಚಳದಿಂದ ನಿಜವಾಗಿಯೂ ಒಂದು ತೆಳ್ಳನೆ ತಂತಿಪಟ್ಟಿ ಒಳಕ್ಕೆ ಹೋಗಿತ್ತು. ಮಾವ ಹೇಳದಿದ್ದರೆ ಹರಿದೇಬಿಡುತ್ತಿದ್ದೆ. ಅವರು ಭೂತಗನ್ನಡಿ ಹಿಡಿದು ಒಳಗನ್ನು ಬಹಳ ಹೊತ್ತು ನೋಡಿದರು. ಡಿಸ್ಕಿನಿಂದ ಹೊರಟ ಇನ್ನೊಂದು ತಂತಿಪಟ್ಟಿ ತನ್ನ ಜಾಗದಲ್ಲಿ ಒಂದು ಬದಿ ಎದ್ದು ನಿಂತಿತ್ತು. ಅತ್ತೆ ತಾರಸಿಯಲ್ಲಿ ನಡೆದ ಒಂದು ವರ್ಷದ ನಡಿಗೆಗೆ ಅಲುಗಿ ಅಲುಗಿ ಸಡಿಲವಾಗಿರಬೇಕು. ಹೆಬ್ಬೆರಳಿನಿಂದ ಒತ್ತಿದರು. ಕೂತಿತು.

"ಕುಂತಿತು, ಖರೆ. ಆದರ ಮತ್ತ ಏಳತದ. ಮ್ಯಾಲೆ ಏನರ ಒತ್ತಿ ಹಿಡಿಯೂದು ಬೇಕು." ಕಪಾಟಿನಿಂದ ತಮ್ಮ ಹಳೆಯ ವರ್ನಿಯರ್ ತಂದು ಡಿಸ್ಕಿಗೂ ಮುಚ್ಚಳಕ್ಕೂ ನಡುವಿನ ಸಂದನ್ನು ಅಳೆದರು. ಆಮೇಲೆ ಮನೆಯಲ್ಲಿದ್ದ ದಪ್ಪ ಕಾಗದಗಳನ್ನೆಲ್ಲ ತಂದು ಒಂದೊಂದಾಗಿ ಅಳೆದರು. ಕ್ಯಾಲೆಂಡರ್ ತೆಳುವಾಯಿತು, ಮಿಠಾಯಿ ಡಬ್ಬಿ ದಪ್ಪವಾಯಿತು. ಸರಿಯಾಗಿ ಹೊಂದಿದ್ದು ನನ್ನ ಮದುವೆಯ ಆಮಂತ್ರಣ ಪತ್ರಿಕೆ. ಅಟ್ಟದ ಮೇಲೆ ಉಳಿದ ಒಂದು ಕಟ್ಟು ಇನ್ನೂ ಇತ್ತು. ಅತ್ತೆ, "ಗಣಪತಿ ಇದ್ದ ಬಾಜೂ ಕತ್ತರಸಬ್ಯಾಡ್ರಿ" ಅಂದರು. ಗಣಪತಿಯನ್ನು ಬಿಟ್ಟು ಮುಹೂರ್ತವನ್ನು ಕತ್ತರಿಸಿ ಡಿಸ್ಕಿನ ಮೇಲಿಟ್ಟು ಮುಚ್ಚಳ ಹಾಕಿದೆವು.

ಮತ್ತೆ ಜೋಡಿಸಿ ರಿಸ್ಟೋರ್ ಒತ್ತಿದೆ. ಪರದೆಯ ಪಟ್ಟಿ ಅರ್ಧಕ್ಕೆ ಬಂತು, ದಾಟಿತು, ಕೊನೆಗೆ ಮುಟ್ಟಿತು. ಡಬ್ಬಿ ಹೊಸದಾಗಿ ಹುಟ್ಟಿದಂತೆ, ನಿಮ್ಮ ಭಾಷೆ ಯಾವುದು ಎಂದು ಕೇಳಿತು. ಮಾವ ಇಣುಕಿ ನೋಡಿದರು.

"ಕನ್ನಡ ಇಲ್ಲೇನು?"

"ಇಲ್ಲ ಮಾವ."

"ಇರಲಿ. ಹಾಡು ಕನ್ನಡದ್ದ ಹಾಕತೇವಲ್ಲಾ."

ಹಾಡುಗಳನ್ನು ಮತ್ತೆ ತುಂಬಿಕೊಟ್ಟೆ. ಸಂಜೆ ಅತ್ತೆ ಡಬ್ಬಿ ಸಿಕ್ಕಿಸಿಕೊಂಡು ತಾರಸಿಗೆ ಹೋದರು. ನಾನೂ ಮಾವನೂ ಗೆದ್ದವರಂತೆ ಚಹಾ ಕುಡಿಯುತ್ತಿದ್ದೆವು. ತಾಸಿನ ಮೇಲೆ ಅತ್ತೆ ಇಳಿದು ಬಂದರು. "ಬೀಗರ ಹಾಡು ನಡಬರಕ ನಿಂದರತದಲ್ಲಾ?"

ಕೇಳಿದೆ. ಅಜ್ಜಿ ಬೀಗಿತ್ತಿಯ ಮೂಗುತಿಯವರೆಗೆ ಬಂದು, ಮಾತಿನ ನಡುವೆಯೇ ಕಡಿದುಹೋಗಿದ್ದರು. ಹದಿನೆಂಟನೆಯದು ಅರ್ಧವೇ ಬಂದಿತ್ತು. ಉಳಿದರ್ಧವನ್ನು ನಾನೇ ಅಳಿಸಿದ್ದೆ. ಡಿಸ್ಕಿನ ತಂತಿಪಟ್ಟಿಯನ್ನು ಮೊದಲು ಒತ್ತಿ ಕೂರಿಸಿ, ಆಮೇಲೆ ಎಳೆದುಕೊಂಡಿದ್ದರೆ ಪೂರ್ತಿ ಬರುತ್ತಿತ್ತು. ಮಾವನಿಗೆ ಹೇಳಿದೆ, ಕೇಳಿ ನೋಡದೆ ಒತ್ತಿಬಿಟ್ಟೆ ಎಂದು.

ಅವರು ಚಹಾ ಕೆಳಗಿಟ್ಟರು. "ನಾ ಒಮ್ಮೆ ಮೂರು ವಾರ ಕುಂತು ಒಂದು ಅಚ್ಚು ಮಾಡಿದ್ದೆ. ಊಟಕ್ಕ ಹೋಗೂ ಮೊದಲ ಅಳತಿ ನೋಡಿದ್ದೆ. ಉಂಡು ಬಂದು ಮತ್ತ ನೋಡಲಿಲ್ಲ, ಕೊರದಬಿಟ್ಟೆ. ನಡುವ ಯಾರೋ ಅದನ್ನ ಸರಿಸಿದ್ರು. ಪೂರಾ ಅಚ್ಚು ಭಂಗಾರಕ್ಕ ಹೋತು."

ಭಂಗಾರ ಎಂದರೆ ಗುಜರಿ ಎಂಬುದು ಅಷ್ಟು ಹೊತ್ತಿಗೆ ನನಗೆ ತಿಳಿದಿತ್ತು. "ಸಾಹೇಬರು ಏನಂದ್ರು?"

"ನಾಳಿಂದ ಎರಡು ಸಲ ಅಳೀ ಅಂದ್ರು. ನೀನೂ ನಾಳಿಂದ ಎರಡು ಸಲ ಕೇಳು. ಹದಿನೇಳೂವರಿ ಉಳದಾವ. ನಮ್ಮ ಟೂಲ್ ರೂಮಿನಾಗ ಇದಕ್ಕ ಪೇಢೆ ಹಂಚತಿದ್ರು."

ಅತ್ತೆಗೆ ಇದರ ಚಿಂತೆಯೇ ಇರಲಿಲ್ಲ. ಅರ್ಧ ಹಾಡನ್ನು ತಾನೇ ಪೂರೈಸುತ್ತೇನೆ ಅಂದರು. ಮುಂದಿನ ಎರಡು ವಾರ ರೊಟ್ಟಿ ಬಡಿಯುವಾಗಲೂ ಒಳಗೊಳಗೇ ಏನೋ ಗುನುಗಿ ನಗುತ್ತಿದ್ದರು. ಏನೆಂದು ಹೇಳಲಿಲ್ಲ.

ಮದುವೆಯ ಹಿಂದಿನ ದಿನ ಹೆಂಗಸರೆಲ್ಲ ಅರಿಶಿನಕ್ಕೆ ಸೇರಿದ್ದರು. ಅಜ್ಜಿಯೂ ಬಂದಿದ್ದರು, ಗೋಡೆಗೆ ಒರಗಿ, ಬಾಯಿ ಬಿಗಿ ಹಿಡಿದು. ಅತ್ತೆ ಒಂದರ ಮೇಲೊಂದು ಹಾಡಿದರು. ಬೀಗರ ಹಾಡಿನಲ್ಲಿ ಮೂಗುತಿಯವರೆಗೆ ಬಂದು, ಬಾಗಿಲ ಹೊರಗೆ ಗಂಡಸರ ನಡುವೆ ಕೂತಿದ್ದ ಮಾವನ ಕಡೆ ತಿರುಗಿದರು.

ಹಾಡ ನುಂಗಿದ ಡಬ್ಬಿ ಬಾಯಿ ಬಿಡವಲ್ದಂತ
ನಾಲಿಗಿ ಕೆರಿಯೂದ ತಂದಾರ, ನಮ್ಮನಿಯ
ಮೇಸ್ತ್ರಿಯ ಬುದ್ಧಿ ನೋಡಿರೆ

ಕತೆ ಆಗಲೇ ನೆಂಟರಲ್ಲೆಲ್ಲ ಹಬ್ಬಿತ್ತು. ಒಳಗೂ ಹೊರಗೂ ನಗು ಎದ್ದಿತು. ಮಾವ ಎದುರಿಗೆ ಪೇಪರು ಸಿಗದೆ ಟವೆಲಿನಲ್ಲಿ ಮುಖ ಒರೆಸಿಕೊಂಡರು. ಅತ್ತೆ ಹುರುಪಿನಿಂದ ಇನ್ನೂ ಎರಡು ನುಡಿ ಕಟ್ಟಿ ಹಾಡಿ ಮುಗಿಸಿದರು.

ಗೋಡೆಯ ಕಡೆಯಿಂದ ಅಜ್ಜಿ ಮಾತಾಡಿದರು. "ಛಂದ ಆತು. ಆದರ ಅದು ಹಂಗಿಲ್ಲ."

"ಹೆಂಗದ ರೀ ಕಾಕೂ?"

"ಮೂಗುತಿ ಆದ ಮ್ಯಾಲೆ ಸೀರಿ ಬರತದ. ಸೀರಿ ಬಿಟ್ಟು ನೀ ಡಬ್ಬಿಗೆ ಹೋದಿ." ಅಜ್ಜಿ ಒಂದು ಕ್ಷಣ ಸುತ್ತ ನೋಡಿದರು. ಹಾಡು ತಪ್ಪಾಗಿ ಮುಗಿದದ್ದು ಅವರಿಗೆ ತಡೆಯಲಾಗುತ್ತಿಲ್ಲವೆಂದು ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಬಾಯಿ ತೆರೆದು ಹಾಡಿದರು. ಸೀರೆಯ ಸೆರಗು, ಸೊಂಟದ ಪಟ್ಟಿ, ಸೊಕ್ಕಿನ ನಡಿಗೆ. ಉಳಿದರ್ಧ ಹಾಡಿನಲ್ಲಿ 'ಸ' ಬಿಟ್ಟು ಬೇರೆ ಅಕ್ಷರವೇ ಇಲ್ಲವೇನೋ ಅನ್ನಿಸಿತು. ಪ್ರತಿ ಸಾಲಿಗೂ ಸಿಳ್ಳೆ ಬಂತು. ಮದುಮಗಳು ಅರಿಶಿನ ಮೆತ್ತಿದ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಜ್ಜಿ ಯಾರನ್ನೂ ಲೆಕ್ಕಿಸದೆ ಕೊನೆಯ ಪದದವರೆಗೂ ಹಾಡಿ, "ಹಿಂಗ" ಎಂದು ಮುಗಿಸಿ, ಸೆರಗಿನಿಂದ ತುಟಿ ಒರೆಸಿಕೊಂಡು ಪಾನಕ ಕೇಳಿದರು.

ನನ್ನ ಬಳಿ ಮೈಕು ಇರಲಿಲ್ಲ.

ಮನೆಗೆ ಮರಳಲು ರಿಕ್ಷಾ ಹತ್ತಿದಾಗ, ಅಜ್ಜಿ ಇನ್ನೊಮ್ಮೆ ಹಾಡುತ್ತಾರಾ ಎಂದು ಕೇಳಲು ಬಾಯಿ ತೆರೆದೆ. ನಡುವೆ ಕೂತಿದ್ದ ಅತ್ತೆ ಒಂದು ಕೈ ನನ್ನ ಮೊಣಕಾಲ ಮೇಲೆ, ಇನ್ನೊಂದು ಮಾವನ ಮೊಣಕಾಲ ಮೇಲೆ ಇಟ್ಟು ಒತ್ತಿದರು.

"ಮನಿ ಮುಟ್ಟೂತನಕ ಇಬ್ಬರೂ ಗಪ್ ಕುಂದರ್ರಿ. ಪೂರಾ ನೆನಪದ. ನೀವು ಮಾತಾಡಿದರ ಹೋಗತದ."

ನಾವು ಸುಮ್ಮನಾದೆವು. ಅತ್ತೆ ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ, ಒಂದೊಂದೇ ಸಾಲನ್ನು ಬೆರಳ ಗೆಣ್ಣಿಗೆ ಎಣಿಸತೊಡಗಿದರು. ಸಿಗ್ನಲ್ಲಿನಲ್ಲಿ ರಿಕ್ಷಾದವನು ಎಡಕ್ಕೋ ಬಲಕ್ಕೋ ಎಂದು ಮರಾಠಿಯಲ್ಲಿ ಕೇಳಿದ. ಮಾವ ಬಾಯಿ ಬಿಡದೆ ಕೈಯಿಂದ ಎಡಕ್ಕೆ ತೋರಿಸಿದರು.